ಕ್ರಿಸ್‌ಮಸ್‌ಗೆ ಏನು ಕೊಡೋಣ, ಏನು ಮಾಡೋಣ: ಕೋಲಾರದ ಒಂದು ಮನೆಯ ಲೆಕ್ಕ

ಎರಡು ವರ್ಷದ ಹಿಂದೆ, ಕ್ರಿಸ್‌ಮಸ್ ಮಾರನೇ ದಿನ, ಎಂಟು ಗಂಟೆಯಾದರೂ ಅಮ್ಮ ಹಾಸಿಗೆ ಬಿಟ್ಟಿರಲಿಲ್ಲ. ಜ್ವರ ಇರಲಿಲ್ಲ, ಬರೀ ಸುಸ್ತು. ಮೂರು ದಿನ ಒಲೆ ಮುಂದೆ ನಿಂತು ಕಲ್‌ಕಲ್, ಅಚ್ಚು ಮುರುಕು ಅಂತ ಹಬ್ಬದ ತಿಂಡಿ ಕರಿದಿದ್ದಳು. ಬೀದಿಯ ಇಪ್ಪತ್ತಮೂರು ಮನೆಗೆ ತಟ್ಟೆ ಜೋಡಿಸಿದ್ದಳು. ಹಬ್ಬದ ದಿನ ಹದಿನಾಲ್ಕು ಜನಕ್ಕೆ ಬಿರಿಯಾನಿ. ಇಷ್ಟಕ್ಕೆ ನಾವು ಮಕ್ಕಳೆಲ್ಲ ಸೇರಿ ಅವಳಿಗೆ ಕೊಟ್ಟ ಉಡುಗೊರೆ ಏನು ಗೊತ್ತಾ? ಮೂರು ಸೈಜಿನ ನಾನ್‌ಸ್ಟಿಕ್ ತವಾ ಸೆಟ್. ಇನ್ನೂ ಮಾಡು ಅಂತ.

ಅವತ್ತಿನಿಂದ ಹಬ್ಬಕ್ಕೆ ಏನೇ ಆರಿಸುವಾಗಲೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಯಾರ ಕೈ ಸವೆಯುತ್ತೆ? ಬೆಲೆ ಆಮೇಲೆ, ಚಂದ ಆಮೇಲೆ. ಕೆಳಗಿನ ಹೋಲಿಕೆಯನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗಿದ್ದೇನೆ. ನಮ್ಮದು ಕೋಲಾರ ಪೇಟೆಯ ಮೆಥಡಿಸ್ಟ್ ಮನೆ. ನೆಂಟರು ಕೆ.ಜಿ.ಎಫ್., ಚಿಂತಾಮಣಿ, ಬೆಂಗಳೂರಲ್ಲಿ ಹರಡಿದ್ದಾರೆ. ಹಬ್ಬಕ್ಕೆ ಸೇರುವುದು ಹನ್ನೊಂದು ದೊಡ್ಡವರು, ಮೂರು ಮಕ್ಕಳು. ನಿಮ್ಮ ಮನೆ ಚಿಕ್ಕದಿದ್ದರೆ ನನ್ನ ಕೆಲವು ಮಾತು ನಿಮಗೆ ಹೊಂದಲಿಕ್ಕಿಲ್ಲ.

ಎಲ್ಲರೂ ಎಲ್ಲರಿಗೋ, ಚೀಟಿ ಎತ್ತಿ ಒಬ್ಬರಿಗೋ?

ಮೊದಲು ಇದನ್ನು ತೀರ್ಮಾನ ಮಾಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಹನ್ನೊಂದು ಜನ ಒಬ್ಬೊಬ್ಬರೂ ಉಳಿದ ಹತ್ತು ಜನಕ್ಕೆ ಕೊಟ್ಟರೆ 110 ಪೊಟ್ಟಣ. ಒಂದಕ್ಕೆ 300 ರೂಪಾಯಿ ಅಂದರೂ ಮನೆ ಲೆಕ್ಕದಲ್ಲಿ 33,000. ಇಷ್ಟು ಖರ್ಚು ಮಾಡಿಯೂ ಕೈಗೆ ಬರುವುದು ಏನು? 300 ರೂಪಾಯಿಯ ಹತ್ತು ವಸ್ತು. ಸೋಪಿನ ಡಬ್ಬಿ, ಕೀ ಚೈನು, ಮೇಣದ ಬತ್ತಿ. ಚೀಟಿ ಎತ್ತಿ ಒಬ್ಬರು ಒಬ್ಬರಿಗೆ ಮಾತ್ರ ಕೊಟ್ಟರೆ 11 ಪೊಟ್ಟಣ. ಒಂದಕ್ಕೆ 1,000 ಇಟ್ಟರೂ ಒಟ್ಟು 11,000. ಒಬ್ಬರ ಖರ್ಚು ಮೂರು ಸಾವಿರದಿಂದ ಒಂದು ಸಾವಿರಕ್ಕೆ ಇಳಿಯಿತು. ಕೈಗೆ ಸಿಗುವುದು ಸಾವಿರ ರೂಪಾಯಿಯ ಒಂದೇ ಒಳ್ಳೆಯ ವಸ್ತು. ಆಫೀಸು, ಹಾಸ್ಟೆಲುಗಳಲ್ಲಿ ಸೀಕ್ರೆಟ್ ಸಾಂಟಾ ಅನ್ನುತ್ತಾರಲ್ಲ, ಅದೇ ಇದು.

ನಾನು ಮನೆಯಲ್ಲಿ "ಈ ಸಲ ಚೀಟಿ ಹಾಕೋಣ" ಅಂದಾಗ ದೊಡ್ಡಪ್ಪ ಕನ್ನಡಕ ತೆಗೆದು "ತಿಂಗಳಿಗೆ ಎಷ್ಟಮ್ಮಾ ಕಟ್ಟಬೇಕು?" ಅಂದರು. ನಮ್ಮ ಕಡೆ ಚೀಟಿ ಅಂದರೆ ಮೊದಲು ನೆನಪಾಗುವುದು ಅದೇ ಅಲ್ವಾ.

ಚೀಟಿಯಲ್ಲಿ ತೊಂದರೆ ಇಲ್ಲ ಅಂತಲ್ಲ. ಜಿಪುಣರ ಕೈಗೆ ನಿಮ್ಮ ಹೆಸರು ಹೋದರೆ ಆ ವರ್ಷ ಗೋವಿಂದ. ಆದ್ದರಿಂದ ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು ಅನ್ನುವುದನ್ನು ಮೊದಲೇ ಹೇಳಿಬಿಡಿ. ಗಂಡ ಹೆಂಡತಿಗೆ ಒಬ್ಬರಿಗೊಬ್ಬರ ಹೆಸರು ಬಂದರೆ ಮತ್ತೆ ಎತ್ತಿಸಿ. ಇಲ್ಲದಿದ್ದರೆ ಒಂದು ಕುಕ್ಕರ್ ಬರುತ್ತೆ, ಅದು ಹೇಗೂ ಬರಬೇಕಿತ್ತು. ಮಕ್ಕಳನ್ನು ಚೀಟಿಗೆ ಸೇರಿಸಬೇಡಿ. ಎತ್ತುವ ದಿನ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲದ, ಮೊದಲ ಭಾನುವಾರ ಇರಲಿ. 2026ರಲ್ಲಿ ಅದು ನವೆಂಬರ್ 29. ಹಬ್ಬಕ್ಕೆ ಸುಮಾರು ನಾಲ್ಕು ವಾರ ಸಿಗುತ್ತೆ, ಯೋಚನೆ ಮಾಡಲು ಅಷ್ಟು ಸಾಕು.

ಆರು ಜನಕ್ಕಿಂತ ಜಾಸ್ತಿ ಇದ್ದರೆ ಚೀಟಿಯೇ ಸರಿ. ಮೂರು ನಾಲ್ಕು ಜನರ ಮನೆಯಲ್ಲಿ ಚೀಟಿ ಎತ್ತುವುದು ಸುಮ್ನೆ ನಾಟಕ.

ಕವರು, ಬಟ್ಟೆ, ವಸ್ತು, ಸಮಯ

ಕವರಲ್ಲಿ ದುಡ್ಡು ಇಟ್ಟು ಕೊಡುವುದು ಸುಲಭ. ನನಗೆ ಅದರ ಮೇಲೆ ಸಿಟ್ಟೇನಿಲ್ಲ. ಹಾಸ್ಟೆಲಿನಲ್ಲಿರುವ ಹುಡುಗನಿಗೆ, ಈಗ ತಾನೇ ಕೆಲಸ ಬಿಟ್ಟವರಿಗೆ, ಬಾಣಂತಿಗೆ ಕವರಿನಷ್ಟು ಉಪಯೋಗದ್ದು ಬೇರೆ ಇಲ್ಲ. ಆದರೆ ಎಲ್ಲರಿಗೂ ಕವರು ಅಂದರೆ ಅದು ಮುಯ್ಯಿ ಆಗಿಬಿಡುತ್ತೆ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಹೋದ ಸಲ ಅವರು 501 ಕೊಟ್ಟರು, ನಾವೂ 501. ಕ್ರಿಸ್‌ಮಸ್‌ಗೂ ಆ ನೋಟ್‌ಬುಕ್ ಬಂದರೆ ಕೊಟ್ಟ ಹಾಗೂ ಇಲ್ಲ, ತೆಗೆದುಕೊಂಡ ಹಾಗೂ ಇಲ್ಲ. ಇನ್ನು ಅಜ್ಜಿಗೆ ಕವರು ಕೊಟ್ಟರೆ ಆ ದುಡ್ಡು ಅದೇ ವಾರ ಮೊಮ್ಮಕ್ಕಳ ಕೈಗೆ ಹೋಗುತ್ತೆ. ಅವಳಿಗೆ ಅದೇ ಖುಷಿ ಅನ್ನಿ.

ಉಡುಗೊರೆ ಅನ್ನುವ ಮಾತಿನಲ್ಲೇ 'ಉಡು' ಇದೆ. ನಮ್ಮವರಿಗೆ ಕೊಡುವುದು ಅಂದರೆ ಬಟ್ಟೆ ಕೊಡುವುದೇ. ಮಕ್ಕಳಿಗೆ ಹಬ್ಬದ ಬೆಳಿಗ್ಗೆ ಹೊಸ ಬಟ್ಟೆ ಇಲ್ಲದೆ ಚರ್ಚಿಗೆ ಹೊರಡುವುದನ್ನು ಯೋಚಿಸಲೂ ಆಗುವುದಿಲ್ಲ. ತಕರಾರು ಇರುವುದು ಸೀರೆಯಲ್ಲಿ. ಸೀರೆ ಕೊಟ್ಟು ಬಂದವರು ಕೊಟ್ಟೆವು ಅಂದುಕೊಳ್ಳುತ್ತಾರೆ. ತೆಗೆದುಕೊಂಡವಳಿಗೆ ಕೆಲಸ ಆಗ ಶುರು. ಫಾಲ್ ಹಾಕಿಸಬೇಕು, ಝಿಗ್‌ಝಾಗ್ ಮಾಡಿಸಬೇಕು, ರವಿಕೆಗೆ ಲೈನಿಂಗ್ ತರಬೇಕು, ಟೈಲರ್ ಹತ್ತಿರ ಎರಡು ಸಲ ಅಲೆಯಬೇಕು. ನಮ್ಮ ಬೀದಿಯ ಟೈಲರ್ ಡಿಸೆಂಬರ್ 10 ದಾಟಿದ ಮೇಲೆ ರವಿಕೆ ಬಟ್ಟೆ ಮುಟ್ಟುವುದಿಲ್ಲ. ಸೀರೆ ಕೊಡುವವರು ಅಳತೆ ರವಿಕೆ ಗುಟ್ಟಾಗಿ ತೆಗೆದುಕೊಂಡು ಹೋಗಿ, ಹೊಲಿಸಿಯೇ ಕೊಡಿ. ಹತ್ತು ಸಾವಿರದ ಸೀರೆ ಬರಿದೇ ಕೊಡುವುದಕ್ಕಿಂತ ಎರಡು ಸಾವಿರದ್ದು ರವಿಕೆ ಸಮೇತ ಕೊಡುವುದು ಮೇಲು. ಇಲ್ಲೇ ಒಂದು ಮಾತು. ಶಿಡ್ಲಘಟ್ಟ ರೇಷ್ಮೆಗೆ ಹೆಸರುವಾಸಿ ಅಂತ ಸೀರೆ ತರಲು ಅಲ್ಲಿಗೆ ಹೊರಡಬೇಡಿ. ಅಲ್ಲಿಯ ದೊಡ್ಡ ವ್ಯಾಪಾರ ಗೂಡಿನದು ಮತ್ತು ನೂಲಿನದು. ನಮ್ಮ ಅತ್ತಿಗೆ ಹೋಗಿ ಗೂಡಿನ ಮಾರುಕಟ್ಟೆಯ ವಾಸನೆ ಕುಡಿದು ವಾಪಸ್ ಬಂದಳು.

ವಸ್ತುಗಳ ವಿಷಯಕ್ಕೆ ನನ್ನ ಕಟ್ಟುಪಾಡು ಒಂದೇ. ಅಡುಗೆ ಮನೆಯ ಸಾಮಾನನ್ನು ಅವರಾಗಿ ಕೇಳಿದ ಹೊರತು ಕೊಡಬೇಡಿ. ತವಾ ಸೆಟ್ಟಿನಿಂದ ಕಲಿತ ಪಾಠ. ಫೋಟೋ ಅಚ್ಚು ಹಾಕಿಸಿದ ಮಗ್ಗು, ದಿಂಬು ಇವೆಲ್ಲ ನೋಡಲು ಚಂದ. ಆದರೆ ಹೋದ ವರ್ಷ ಆನ್‌ಲೈನಲ್ಲಿ ಹೇಳಿದ ಮಗ್ಗು ನಮ್ಮ ಮನೆಗೆ ಬಂದಿದ್ದು 28ನೇ ತಾರೀಕು. ಅದರ ಮೇಲೆ "ಅಪ್ಪಾಜಿ" ಇರಬೇಕಾದ ಕಡೆ "ಅಪಜಿ" ಅಂತ ಇತ್ತು. ಅಪ್ಪ ಅದರಲ್ಲೇ ಕಾಫಿ ಕುಡಿಯುತ್ತಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಹೆಸರು ಅಚ್ಚಾಗಬೇಕಾದದ್ದನ್ನು ಊರ ಅಂಗಡಿಯಲ್ಲಿ ಎದುರು ನಿಂತು ಮಾಡಿಸುವುದು ಉತ್ತಮ.

ವಯಸ್ಸಾದವರಿಗೆ ಶಾಲು, ಸ್ವೆಟರು, ಕಂಬಳಿ. ಡಿಸೆಂಬರ್ ಚಳಿಗೆ ಕೋಲಾರದಲ್ಲಿ ಮೂರೂ ಬೇಕು, ನಿಜ. ಆದರೆ ಅಜ್ಜಿಯ ಬೀರುವಿನಲ್ಲಿ ಆಗಲೇ ಒಂಬತ್ತು ಶಾಲು ಇವೆ, ಹತ್ತನೆಯದು ಯಾರಿಗೆ? ಕುರಿ ಉಣ್ಣೆಯ ಕಂಬಳಿ ಬಿಸಿ ಕೊಟ್ಟಷ್ಟು ಶಾಲು ಕೊಡುವುದಿಲ್ಲ, ಆದರೆ ಕಂಬಳಿ ಚುಚ್ಚುತ್ತೆ, ಒಗೆದರೆ ಒಣಗಲು ಎರಡು ಮೂರು ದಿನ. ಒಗೆಯುವವರು ಯಾರು ಅಂತ ಮೊದಲು ನೋಡಿ. ದೊಡ್ಡ ಅಕ್ಷರದ ಬೈಬಲ್ ಮಾತ್ರ ನಾವು ಕೊಟ್ಟವುಗಳಲ್ಲಿ ನಿಜವಾಗಿ ಗೆದ್ದದ್ದು. ಅಜ್ಜಿ ಕಣ್ಣು ಕಾಣಲ್ಲ ಅಂತ ಓದುವುದನ್ನೇ ಬಿಟ್ಟಿದ್ದಳು. ಈಗ ಬೆಳಿಗ್ಗೆ ಬಿಸಿಲಿಗೆ ಕೂತು ಓದುತ್ತಾಳೆ, ಯಾರಿಗೂ ಏನೂ ಕೆಲಸ ಹೇಳದೆ.

ಕೊನೆಯದು ಸಮಯ. ಕೆ.ಜಿ.ಎಫ್.ನಲ್ಲಿರುವ ಚಿಕ್ಕಜ್ಜ ಅಲ್ಲಿಯ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ನೆಂಟರೆಲ್ಲ ಅವರಿಗೆ ಗಣಿಯ ಚಿತ್ರ ಇರುವ ಗಡಿಯಾರ, ಗಣಿಯ ಚಿತ್ರ ಇರುವ ಫ್ರೇಮು ಕೊಡುತ್ತಲೇ ಬಂದರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದ ಗಣಿ ಅದು, ಅದರ ನೆನಪಿಗೆ ಗೋಡೆಯ ಗಡಿಯಾರ ಬೇಕಾ ಅವರಿಗೆ? ಅವರಿಗೆ ಬೇಕಿದ್ದುದು ಒಂದೇ: ಮಾರಿಕುಪ್ಪಂನಲ್ಲಿರುವ ಹಳೆಯ ಜೊತೆಗಾರರ ಮನೆಗೆ ಯಾರಾದರೂ ಕರೆದುಕೊಂಡು ಹೋಗಬೇಕು. ಮಂಡಿ ನೋವು, ಒಬ್ಬರೇ ಹೋಗಲಾರರು. ಹೋದ ಸಲ ಅವರ ಹೆಸರು ಬಂದಿದ್ದು ನನ್ನ ತಮ್ಮನಿಗೆ. ಒಂದು ಕಾರ್ಡಿನ ಮೇಲೆ "ಡಿಸೆಂಬರ್ 27, ಬೆಳಿಗ್ಗೆ 10, ಆಟೋ ಸಮೇತ" ಅಂತ ಬರೆದು ಕೊಟ್ಟ. ಹೋಗಿ ಸಂಜೆವರೆಗೂ ಕೂತು ಬಂದರು. ಆಟೋಗೆ 600 ಆಯಿತು.

ಸಮಯ ಕೊಡುವುದಾದರೆ ತಾರೀಕು ಹಾಕಿ ಕೊಡಿ. "ಯಾವಾಗಾದರೂ ಕರೆದುಕೊಂಡು ಹೋಗ್ತೀನಿ" ಅನ್ನುವುದು "ಯಾವಾಗಾದರೂ ಊಟಕ್ಕೆ ಬನ್ನಿ" ಅಂದ ಹಾಗೆ. ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು.

ಮಕ್ಕಳಿಗೆ ಮೂರೇ

ಮೂರು ಮಕ್ಕಳಿಗೆ ಹನ್ನೊಂದು ಜನ ತಂದು ಸುರಿದರೆ ಅವು ಪೊಟ್ಟಣ ಹರಿಯುವುದನ್ನು ಮಾತ್ರ ಕಲಿಯುತ್ತವೆ. ನಾವು ಒಂದು ಮಗುವಿಗೆ ಮೂರೇ ಅಂತ ಮಾಡಿಕೊಂಡಿದ್ದೇವೆ. ಕೂಸು ಯೇಸುವನ್ನು ನೋಡಲು ಬಂದ ಮೂಡಣ ದೇಶದ ಜ್ಞಾನಿಗಳು ತಂದಿದ್ದೂ ಮೂರೇ: ಚಿನ್ನ, ಧೂಪ, ರಕ್ತಬೋಳ. ಜ್ಞಾನಿಗಳು ಎಷ್ಟು ಜನ ಅಂತ ಬೈಬಲಿನಲ್ಲಿ ಮತ್ತಾಯ ಬರೆದೇ ಇಲ್ಲ. ಕಾಣಿಕೆ ಮೂರು ಇದ್ದುದರಿಂದ ಬಂದವರೂ ಮೂವರು ಅಂತ ನಾವೇ ಲೆಕ್ಕ ಹಾಕಿಕೊಂಡೆವು.

ಒಂದು, ಮಗು ಕೇಳಿದ್ದು. ಇನ್ನೊಂದು, ಹೇಗೂ ಕೊಡಿಸಬೇಕಾದದ್ದು, ಶೂ ಅಥವಾ ಸ್ಕೂಲ್ ಬ್ಯಾಗು. ಮೂರನೆಯದು ಒಂದು ದಿನದ ತಿರುಗಾಟ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಆಗಲಿ, ನೆಹರು ತಾರಾಲಯ ಆಗಲಿ ಕೋಲಾರದಿಂದ ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆ ಸೇರಬಹುದು. ಪುಟ್ಟ ಮಕ್ಕಳಿಗೆ ಬ್ಯಾಟರಿ ಆಟಿಕೆಗಿಂತ ಚನ್ನಪಟ್ಟಣದ ಮರದ ಗೊಂಬೆ ಒಳ್ಳೆಯದು. ಬ್ಯಾಟರಿ ಮುಗಿದಾಗ ಅಳುವ ಮಗುವನ್ನು ಸಮಾಧಾನ ಮಾಡುವ ಕೆಲಸ ಇಲ್ಲ, ಅಷ್ಟೇ.

ಕೇಕು, ಕಲ್‌ಕಲ್, ಅವರೆಕಾಯಿ

ಇದರಲ್ಲಿ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಪ್ಲಮ್ ಕೇಕ್ ಮನೆಯಲ್ಲಿ ಮಾಡುವುದಾದರೆ ಒಣದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆ ನೆನೆ ಹಾಕುವುದರಿಂದ ಶುರು. ಕೆ.ಜಿ.ಎಫ್. ಚಿಕ್ಕಪ್ಪನ ಮನೆಯಲ್ಲಿ ಅಕ್ಟೋಬರಿನಲ್ಲೇ ರಮ್ಮಿನಲ್ಲಿ ನೆನೆಸುತ್ತಾರೆ. ನಮ್ಮ ಮೆಥಡಿಸ್ಟ್ ಮನೆಯಲ್ಲಿ ರಮ್ಮು ಹೊಸಿಲು ದಾಟುವಂತಿಲ್ಲ. ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿ ತಂದು ಹಿಂಡಿ, ಆ ರಸದಲ್ಲಿ ನೆನೆಸುತ್ತೇವೆ. ರಮ್ಮಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕೆಡದು. ರಸದಲ್ಲಿ ಹಾಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಬಳಸಿಬಿಡಬೇಕು, ಇಲ್ಲದಿದ್ದರೆ ಹುಳಿ ಬರುತ್ತೆ. ರುಚಿ? ಚಿಕ್ಕಪ್ಪನದ್ದೇ ಮೇಲು. ಈ ಮಾತು ಅಪ್ಪನ ಮುಂದೆ ಹೇಳುವುದಿಲ್ಲ. ಕೇಕಿನ ಕೆಲಸ ಒಬ್ಬರ ಕೈಯದು, ಅಳತೆ ತಪ್ಪುವಂತಿಲ್ಲ, ಓವನ್ ಮುಂದಿನಿಂದ ಏಳುವಂತಿಲ್ಲ. ಮಾಡುವ ಆಸೆ ಇರುವವರು ಮನೆಯಲ್ಲಿ ಒಬ್ಬರಿದ್ದರೆ ಮಾಡಲಿ. ಇಲ್ಲದಿದ್ದರೆ ಬೇಕರಿಗೆ ಹೇಳಿ ತರಿಸಿ, ನಾಚಿಕೆ ಏನೂ ಬೇಡ.

ಅಚ್ಚು ಮುರುಕೂ ಒಬ್ಬರ ಕೆಲಸ. ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು. ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಮುರುಕು ಅಚ್ಚು ಬಿಟ್ಟು ಬರುವುದೇ ಇಲ್ಲ. ನೂರು ಮುರುಕು ಅಂದರೆ ನೂರು ಸಲ ಅದ್ದಬೇಕು. ಅಮ್ಮನ ಸೊಂಟ ಹೋಗಿದ್ದು ಇಲ್ಲೇ. ಎರಡು ವರ್ಷದಿಂದ ಇದನ್ನು ಕೈಬಿಟ್ಟಿದ್ದೇವೆ. ಒಬ್ಬರೂ "ಯಾಕೆ ಇಲ್ಲ?" ಅಂತ ಕೇಳಲಿಲ್ಲ.

ಕಲ್‌ಕಲ್ ಹಾಗಲ್ಲ. ಮೈದಾ, ಸಕ್ಕರೆ, ತೆಂಗಿನ ಹಾಲು ಕಲಸಿ ಹಿಟ್ಟನ್ನು ನಡುವೆ ಇಟ್ಟರೆ ಸುತ್ತ ಎಲ್ಲರೂ ಕೂರಬಹುದು. ಗೋಲಿ ಗಾತ್ರದ ಉಂಡೆ, ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತುವುದು. ಅಜ್ಜಿ ಹೊಸ ಬಾಚಣಿಗೆಯ ಮೇಲೆ ಒತ್ತುತ್ತಾಳೆ, ಗೀರು ಸಣ್ಣಗೆ ಬರುತ್ತೆ. ಮಕ್ಕಳ ಸುರುಳಿ ಸೊಟ್ಟಗಿರುತ್ತೆ, ಇರಲಿ. ಒಂದು ಕೆ.ಜಿ. ಮೈದಾಗೆ ನಾಲ್ಕು ಜನ ಕೂತರೆ ಎರಡು ಗಂಟೆ. ಕರಿಯುವುದಕ್ಕೆ ಮಾತ್ರ ಒಬ್ಬರು ನಿಲ್ಲಬೇಕು. ನಮ್ಮ ಮನೆಯಲ್ಲಿ ಅದು ಈಗ ಭಾವನ ಕೆಲಸ. ಡಬ್ಬದಲ್ಲಿ ಹಾಕಿಟ್ಟರೆ ಎರಡು ವಾರ ಗರಿಗರಿ ಇರುತ್ತೆ, ಆದ್ದರಿಂದ ಹಬ್ಬಕ್ಕೆ ಒಂದು ವಾರ ಮೊದಲೇ ಮುಗಿಸಬಹುದು.

ಬೀದಿಯ ತಟ್ಟೆಗೂ ಕಲ್‌ಕಲ್ಲೇ ಅನುಕೂಲ. ನಮ್ಮ ಅಕ್ಕಪಕ್ಕದಲ್ಲಿ ಮೊಟ್ಟೆ ತಿನ್ನದ ಮನೆಗಳು ಜಾಸ್ತಿ. ಕೇಕು ಕೊಟ್ಟರೆ ನಗುತ್ತಾ ತೆಗೆದುಕೊಂಡು ಕೆಲಸದವಳಿಗೆ ಕೊಡುತ್ತಾರೆ. ಮೊಟ್ಟೆ ಹಾಕದ ಕಲ್‌ಕಲ್ಲನ್ನು ಎಲ್ಲರೂ ತಿನ್ನುತ್ತಾರೆ. ಖಾಲಿ ತಟ್ಟೆ ವಾಪಸ್ ಕೊಡಬಾರದು ಅಂತ ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಾರೆ. ಅವರ ಎಳ್ಳು ಬೆಲ್ಲ ಇಪ್ಪತ್ತು ದಿನದಲ್ಲಿ ಬಂದೇ ಬರುತ್ತೆ. ಇಪ್ಪತ್ತಮೂರು ತಟ್ಟೆಯನ್ನು ಒಂದೇ ದಿನ ಹಂಚಬೇಕು ಅಂತ ಎಲ್ಲಿಯೂ ಬರೆದಿಲ್ಲ. 22ರಿಂದ ದಿನಕ್ಕೆ ಆರು ಮನೆ, ಹಂಚುವವರು ಮಕ್ಕಳು.

ಈಗ ನನ್ನ ಪಕ್ಷಪಾತಕ್ಕೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಕ್ರಿಸ್‌ಮಸ್ ಬರುವುದು ಸರಿಯಾಗಿ ಅವರೆಕಾಯಿ ಕಾಲಕ್ಕೆ. ಸಂತೆಯಲ್ಲಿ ರಾಶಿ ರಾಶಿ, ಸೊಗಡಿನ ವಾಸನೆ ಕೈಯಿಂದ ಎರಡು ದಿನ ಹೋಗುವುದಿಲ್ಲ. ಇಷ್ಟು ವರ್ಷ ಅದನ್ನು ಸಂಕ್ರಾಂತಿಗೆ ಬಿಟ್ಟು ನಾವು ಬಿರಿಯಾನಿ ಹಿಂದೆ ಬಿದ್ದಿದ್ದೆವು. ಈಗ 23ರ ಸಂಜೆ ಕಾಯಿ ಸುಲಿಯುವುದು, ಕಾಳು ನೆನೆ ಹಾಕುವುದು. 24ರ ಮಧ್ಯಾಹ್ನ ಎಲ್ಲರೂ ಚಾಪೆ ಮೇಲೆ ಕೂತು ಹಿತುಕುವುದು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಎದುರಿಗೆ ಕೂತವರ ಮೂಗಿಗೆ ಬೀಳುತ್ತೆ. ವರ್ಷದಲ್ಲಿ ನಾವೆಲ್ಲ ಮೊಬೈಲ್ ಕೆಳಗಿಟ್ಟು ಎರಡು ಗಂಟೆ ಕೂರುವುದು ಅವತ್ತೊಂದೇ ದಿನ, ಯಾಕಂದರೆ ಕೈ ಒದ್ದೆ. 24ರ ರಾತ್ರಿ ಹಿತಕಿದ ಬೇಳೆ ಸಾರು, ಅದಕ್ಕೆ ಕೈಮಾ, ಜೊತೆಗೆ ಬಿಸಿ ಮುದ್ದೆ. 25ಕ್ಕೆ ಬಿರಿಯಾನಿ ಹೊರಗಿನಿಂದ ತರಿಸುತ್ತೇವೆ. ದೊಡ್ಡಪ್ಪ ಮೊದಲ ವರ್ಷ "ಇದೇನು ಕ್ರಿಸ್‌ಮಸ್ಸೋ ಸಂಕ್ರಾಂತಿಯೋ" ಅಂದರು. ಮೂರು ಮುದ್ದೆ ತಿಂದರು.

ಮರ, ನಕ್ಷತ್ರ, ಗೋದಲಿ

ಪ್ಲಾಸ್ಟಿಕ್ ಮರಕ್ಕೆ ಹತ್ತು ವರ್ಷ ಆಯಸ್ಸು, ಅಟ್ಟದಿಂದ ಇಳಿಸಿ ಧೂಳು ಒರೆಸುವ ಕೆಲಸ ಮಾತ್ರ. ಸರ್ವೆ ಕೊಂಬೆ ಬಕೆಟ್ಟಿನ ಒದ್ದೆ ಮರಳಲ್ಲಿ ನೆಟ್ಟರೆ ಒಂದು ವಾರ ಹಸಿರು, ಆಮೇಲೆ ಮನೆ ತುಂಬಾ ಕಡ್ಡಿ. ನಾವು ಪ್ಲಾಸ್ಟಿಕ್ಕೇ ಇಟ್ಟುಕೊಂಡಿದ್ದೇವೆ. ಕಾಗದದ ನಕ್ಷತ್ರ ಎಲ್.ಇ.ಡಿ. ನಕ್ಷತ್ರಕ್ಕಿಂತ ಚಂದ, ಇಬ್ಬನಿಗೆ ತಡೆಯುವುದಿಲ್ಲ. ಜಗಲಿಯ ಸೂರು ಒಳಗೆ ಇದ್ದರೆ ಕಾಗದದ್ದು, ತಾರಸಿ ಮೇಲಾದರೆ ಎಲ್.ಇ.ಡಿ.

ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಅದರಲ್ಲಿ ಮಾತ್ರ ಕೊಂಡು ತಂದದ್ದಕ್ಕಿಂತ ಮಾಡಿದ್ದು ಮೇಲು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ಹುಲ್ಲು ನಿಜವಾದದ್ದು, ಎತ್ತು ಕತ್ತೆ ಜೀವ ಇದ್ದವು. ನಮ್ಮ ಮನೆಗೆ ಎತ್ತು ತರಲು ಆಗದು, ಹಸಿರು ಬೆಳೆಸಬಹುದು. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿ, ಮಣ್ಣು ಹರಡಿದ ತಟ್ಟೆಯಲ್ಲಿ ಡಿಸೆಂಬರ್ 12ಕ್ಕೆ ಚೆಲ್ಲಿ. ಚಳಿಗೆ ಮೊಳಕೆ ನಿಧಾನ. 24ರ ಹೊತ್ತಿಗೆ ಎರಡು ಇಂಚಿನ ಪೈರು ಬಂದಿರುತ್ತೆ. ನೀರು ಚಿಮುಕಿಸುವ ಕೆಲಸ ಮಕ್ಕಳದ್ದು. ಒಂದು ವರ್ಷ ಗುಬ್ಬಿಗಳು ಅರ್ಧ ತಿಂದು ಹೋದವು, ಆದ್ದರಿಂದ ಮೊದಲ ನಾಲ್ಕು ದಿನ ಬಟ್ಟೆ ಮುಚ್ಚಿಡಿ.

ಹೊಸ ರೂಢಿ ಯಾವುದು ಹಿಡಿಯೋಣ?

ಕೆಲವನ್ನು ಮಾಡಿ ನೋಡಿ ಬಿಟ್ಟೆವು. ಐಸ್‌ಲ್ಯಾಂಡಿನಲ್ಲಿ 24ರ ರಾತ್ರಿ ಒಬ್ಬರಿಗೊಬ್ಬರು ಪುಸ್ತಕ ಕೊಟ್ಟು ಓದುತ್ತಾ ಕೂರುತ್ತಾರಂತೆ ಅಂತ ನಾನೂ ಹುರುಪಿನಿಂದ ಶುರು ಮಾಡಿದೆ. ನಮ್ಮಲ್ಲಿ ಆ ರಾತ್ರಿ ಕ್ರಿಸ್‌ಮಸ್ ಹಾಡು ಹಾಡುತ್ತಾ ಬರುವ ಕ್ಯಾರಲ್ ತಂಡ ಯಾವ ಹೊತ್ತಿಗೆ ಬಾಗಿಲು ತಟ್ಟುತ್ತದೋ ಗೊತ್ತಿಲ್ಲ, ಕಾಫಿ ಸಿದ್ಧ ಇರಬೇಕು. ಪುಸ್ತಕ ಎಲ್ಲಿ ಓದುವುದು? ಪುಸ್ತಕ ಕೊಡುವುದು ಉಳಿಯಿತು, ಓದುವುದು ಜನವರಿಗೆ ಹೋಯಿತು.

ವೃದ್ಧಾಶ್ರಮಕ್ಕೆ ಹಣ್ಣು ಹಂಚಲು ಹೋಗುವುದಾದರೆ ಕ್ರಿಸ್‌ಮಸ್ ವಾರ ಬೇಡ. ಆ ವಾರ ಎಲ್ಲರೂ ಹೋಗುತ್ತಾರೆ, ಹಣ್ಣು ಕೊಳೆಯುತ್ತೆ, ಫೋಟೋಗೆ ನಿಂತು ನಿಂತು ಅವರಿಗೂ ಸಾಕಾಗಿರುತ್ತೆ. ಜನವರಿ ಕೊನೆಗೆ, ಕ್ಯಾಮೆರಾ ಇಲ್ಲದೆ ಹೋಗಿ. ಏನು ಬೇಕು ಅಂತ ಮೊದಲೇ ಫೋನ್ ಮಾಡಿ ಕೇಳಿ. ಹೋದ ಸಲ ನಾವು ಕೇಳಿದಾಗ ಅವರು ಹೇಳಿದ್ದು ಸೊಳ್ಳೆ ಪರದೆ.

ಇನ್ನು ಡಿಸೆಂಬರ್ 26. ಇಲ್ಲಿ ಮನೆ ಎರಡು ಪಕ್ಷವಾಗಿದೆ. ಒಂದು ಪಕ್ಷ ಅಂತರಗಂಗೆ ಬೆಟ್ಟ ಹತ್ತೋಣ ಅನ್ನುತ್ತೆ. ಬಸವನ ಬಾಯಿಯಿಂದ ಬೀಳುವ ನೀರಿನಲ್ಲಿ ಮುಖ ತೊಳೆದು, ಹಬ್ಬದ ಊಟ ಕರಗಿಸಿ ಬರಬಹುದು, ಖರ್ಚೂ ಇಲ್ಲ. ಅಜ್ಜಿಗೆ, ಚಿಕ್ಕಜ್ಜನಿಗೆ ಮೆಟ್ಟಿಲು ಆಗುವುದಿಲ್ಲ ಅನ್ನುವುದೇ ಅದರ ಕೊರತೆ. ಇನ್ನೊಂದು ಪಕ್ಷ ಬಂಗಾರಪೇಟೆಗೆ ಪಾನಿಪುರಿ ತಿನ್ನಲು ಹೋಗೋಣ ಅನ್ನುತ್ತೆ. ಅಲ್ಲಿಯ ಪಾನಿ ಹಸಿರಲ್ಲ, ಕುಡಿಯುವ ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಅಜ್ಜಿಯೂ ಬರಬಹುದು, ಚಿಕ್ಕಜ್ಜ ಕೆ.ಜಿ.ಎಫ್.ನಿಂದ ರೈಲಲ್ಲಿ ಬಂದು ಸೇರಬಹುದು. ಅಮ್ಮನ ಕೈಗೆ ಎರಡರಲ್ಲೂ ರಜೆ.

2026ರ ಡಿಸೆಂಬರ್ 25 ಶುಕ್ರವಾರ ಬರುತ್ತೆ. ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವ ಭಾವನಿಗೂ ಶನಿವಾರ, ಭಾನುವಾರ ರಜ. ಆದ್ದರಿಂದ ಶನಿವಾರ ಬೆಟ್ಟ, ಭಾನುವಾರ ಚರ್ಚು ಮುಗಿಸಿ ಪಾನಿಪುರಿ ಅಂತ ರಾಜಿ ಆಗಿದೆ. ಬೆಟ್ಟಕ್ಕೆ ಹೋಗುವವರು ಕಲ್‌ಕಲ್ ಡಬ್ಬವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ. ಅಲ್ಲಿಯ ಕೋತಿಗಳಿಗೆ ಮುಚ್ಚಳ ತಿರುಗಿಸುವುದು ಗೊತ್ತು.